ಯಾವ ಕಲ್ಲು, ಮಾರಾಯ?

"ಹೊಟ್ಟೇಲಿ ಕಲ್ಲಿದ್ದಡ ಮಾರಾಯ."

"ಎರಡು ಬಿಯರ್ ಕುಡಿ, ಜಾರಿ ಹೋಗ್ತು."

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಸುಲಿಯುವ ರಾತ್ರಿ, ಮೆಟ್ಟುಗತ್ತಿಯ ಸದ್ದಿನ ನಡುವೆ ಸಿಗುವ ಪುಕ್ಕಟೆ ವೈದ್ಯ ಇದು. ಹುರುಳಿ ಸಾರು, ಬಾಳೆದಿಂಡಿನ ರಸದ ಸಾಲಿಗೆ ಬಿಯರೂ ಸೇರಿಕೊಂಡಿದೆ. ಯಾವ ಕಲ್ಲು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮೂತ್ರಪಿಂಡದ ಕಲ್ಲಿಗೆ ಮೂತ್ರದ ದಾರಿಯಿದೆ. ಸಣ್ಣ ಕಲ್ಲಾದರೆ ಅದಕ್ಕೂ ಬಿಯರ್ ಬೇಕಿಲ್ಲ, ಹೆಚ್ಚಾಗಿ ನೀರೇ ಸಾಕು. ಪಿತ್ತಕೋಶದ ಕಲ್ಲು ಆ ದಾರಿಯಲ್ಲೇ ಇಲ್ಲ.

ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತದೆ. ಅದರ ಅಡಿಗೆ ಅಂಟಿಕೊಂಡ ಪಿತ್ತಕೋಶ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಹಾಗಾಗಿ ಬಂದ ರಸದ ನೀರು ಹೀರಿ, ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಹೋಳಿಗೆಗೆ ತುಪ್ಪ ಸುರಿದು ಉಂಡಾಗ ಹಿಂಡಿಕೊಂಡು ಕರುಳಿಗೆ ಬಿಡುತ್ತದೆ. ಜೋನಿಬೆಲ್ಲದ ಡಬ್ಬಿ ತಿಂಗಳುಗಟ್ಟಲೆ ಅಲ್ಲಾಡದಿದ್ದರೆ ತಳದಲ್ಲಿ ಹರಳುಗಟ್ಟುತ್ತದಲ್ಲ, ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಾಗಿ, ಚೀಲ ಸರಿಯಾಗಿ ಬರಿದಾಗದಿದ್ದರೆ ಇಲ್ಲೂ ಹಾಗೆಯೇ. ದೀರ್ಘ ಉಪವಾಸ, ತಟ್ಟನೆ ತೂಕ ಇಳಿಸುವುದು ಅದಕ್ಕೆ ಇನ್ನಷ್ಟು ಅನುಕೂಲ.

ಮದ್ಯದ ಪಾಲೇನು? ಮಿತವಾಗಿ ಕುಡಿಯುವವರಲ್ಲಿ ಪಿತ್ತಕಲ್ಲು ತುಸು ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಗುಟುಕು ಹಾಕಲು ಇದು ಅನುಮತಿಪತ್ರವಲ್ಲ. ಆ ಲಾಭ ಮದ್ಯದಿಂದಲೇ ಬಂದದ್ದೆಂದು ಖಚಿತವಿಲ್ಲ, ಆಗಲೇ ಕೂತ ಕಲ್ಲು ಮದ್ಯಕ್ಕೆ ಕರಗುವುದೂ ಇಲ್ಲ. ಕುಡಿತ ಹೆಚ್ಚಿದರೆ ಲೆಕ್ಕ ತಿರುಗುತ್ತದೆ. ಯಕೃತ್ತು ಗಂಟುಗಟ್ಟಿ ಸಿರೋಸಿಸ್ ಆದವರಲ್ಲಿ ಬಿಲಿರುಬಿನ್‌ನಿಂದಾಗುವ ಕಪ್ಪು ಕಲ್ಲು ಹೆಚ್ಚು. ಮೇದೋಜೀರಕ ಗ್ರಂಥಿಯ ಉರಿಯೂತಕ್ಕಂತೂ ಪಿತ್ತಕಲ್ಲು, ಮದ್ಯ ಎರಡೂ ಮುಖ್ಯ ಕಾರಣಗಳು. ಬಾಟಲಿ ಯಾವುದಾದರೂ ಯಕೃತ್ತಿಗೆ ಎಲ್ಲ ಒಂದೇ.

ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದು ಬಲ ಹೆಗಲಿಗೋ ಬೆನ್ನಿಗೋ ಏರುವ, ಗಂಟೆಗಟ್ಟಲೆ ಬಿಡದ ನೋವನ್ನು "ಪಿತ್ತ ಕೆದರಿದೆ" ಎಂದು ಅಪ್ಪೆಹುಳಿ ಕುಡಿದು ಮಲಗುವವರಿದ್ದಾರೆ. ಜೊತೆಗೆ ಜ್ವರ, ವಾಂತಿ ಅಥವಾ ಕಣ್ಣು ಹಳದಿಯಾದರೆ ಬೆಳಗಿನವರೆಗೂ ಕಾಯಬಾರದು. ನೋವೇ ಕೊಡದ ಕಲ್ಲಿಗಾದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೂ ಬೇಕಿಲ್ಲ.

ಹರಳುಗಟ್ಟಿದ ಜೋನಿಬೆಲ್ಲವನ್ನು ಬಿಸಿ ಮಾಡಿದರೆ ಕರಗುತ್ತದೆ. ಪಿತ್ತಕೋಶಕ್ಕೆ ಬಿಯರ್ ಅಂಥ ಒಲೆಯಲ್ಲ. ಮುಂದಿನ ಸಲ "ಕಲ್ಲಿದ್ದಡ" ಎಂದವರಿಗೆ ಗ್ಲಾಸು ಚಾಚುವ ಮೊದಲು ಒಂದು ಮಾತು ಸಾಕು: "ಸ್ಕ್ಯಾನಿಂಗ್ ಚೀಟಿ ತೋರ್ಸು, ನೋಡನ."