ಬೂಷ್ಟು ಹಿಡಿದ ಶೇಂಗಾ: ಹುರಿದರೂ ವಿಷ ಹೋಗದು



ಮಕ್ಕಳ ಮನೆಗೆ ಬರುವಾಗ ಊರಿನಿಂದ ಶೇಂಗಾ, ಕೊಬ್ಬರಿ, ಒಣಮೆಣಸಿನಕಾಯಿ, ಚಟ್ನಿಪುಡಿ ತಂದಿರುತ್ತೀರಿ. ಊರಿನಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದ ಪದಾರ್ಥ ಮಲೇಷ್ಯಾದ ತೇವದ ಹವೆಯಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ. ‘ಬಿಸಿಲಿಗಿಟ್ಟು ಹುರಿದರೆ ಸರಿಹೋಗುತ್ತದೆ’ ಎಂದುಕೊಳ್ಳುತ್ತೇವೆ. ಹುರಿದರೆ ಬೂಷ್ಟು ಸಾಯುತ್ತದೆ, ಆದರೆ ಅದು ಬಿಟ್ಟ ವಿಷ ಉಳಿಯುತ್ತದೆ.

ಯಾವುದು ಈ ವಿಷ?

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ಹೊಲದಲ್ಲೇ ಬೆಳೆಗೆ ತಗಲುತ್ತದೆ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಶೇಂಗಾದೊಳಗೆ ಸೇರುತ್ತದೆ. ಆಮೇಲೆ ತೇವ ಸಿಕ್ಕರೆ ಡಬ್ಬಿಯಲ್ಲೂ ಬೆಳೆಯುತ್ತದೆ. ಅದು ತಯಾರಿಸುವ ವಿಷವೇ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಲಕ್ಷ ಟರ್ಕಿ ಕೋಳಿಗಳು ಸತ್ತ ಮೇಲೆ ಇದು ಪತ್ತೆಯಾಯಿತು.

ಇದರ ಅಣು ಒಂದಕ್ಕೊಂದು ಬೆಸೆದ ಉಂಗುರಗಳಂತಿದೆ, ಬಹಳ ಗಟ್ಟಿ. ನೀರು ಕುದಿಯುವುದು 100 ಡಿಗ್ರಿಗೆ, ಕರಿಯುವ ಎಣ್ಣೆ ಸುಮಾರು 180 ಡಿಗ್ರಿ. ಇದು ಒಡೆಯಲು 250 ಡಿಗ್ರಿಯ ಆಸುಪಾಸು ಬೇಕು. ಹುರಿದರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗದು.

ತಿಂದ ವಿಷವನ್ನು ಹೊರಹಾಕಲು ಲಿವರ್ ಅದಕ್ಕೆ ಆಮ್ಲಜನಕ ಸೇರಿಸುತ್ತದೆ. ಆಗ ಅದು ಇನ್ನೂ ಉಗ್ರವಾಗಿ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ಲಿವರ್ ಕ್ಯಾನ್ಸರ್ ಬರಬಹುದು. ಹೆಪಟೈಟಿಸ್-ಬಿ ಇದ್ದವರಿಗೆ ಅಪಾಯ ಹಲವು ಪಟ್ಟು ಹೆಚ್ಚು. ಒಮ್ಮೆಗೇ ಹೆಚ್ಚು ಸೇರಿದರೆ ಪ್ರಾಣಕ್ಕೇ ಕುತ್ತು. 1988ರ ಅಕ್ಟೋಬರ್‌ನಲ್ಲಿ ಇಲ್ಲಿನ ಪೆರಾಕ್ ರಾಜ್ಯದಲ್ಲಿ ಅಕ್ಕಿಯ ನೂಡಲ್ಸ್ ತಿಂದ 13 ಮಕ್ಕಳು ಲಿವರ್ ಕೆಟ್ಟು ತೀರಿಕೊಂಡರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ಅಫ್ಲಾಟಾಕ್ಸಿನ್.

ನೀವು ಮಾಡಬೇಕಾದದ್ದು

1. ಸುಕ್ಕಿದ, ಕಪ್ಪಾದ ಕಾಳುಗಳನ್ನು ಆರಿಸಿ ಎಸೆಯಿರಿ. ಬೂಷ್ಟು ಕಂಡರೆ ಅಥವಾ ಮುಗ್ಗು ವಾಸನೆ ಬಂದರೆ ಡಬ್ಬಿಯಲ್ಲಿರುವುದನ್ನೆಲ್ಲ ಎಸೆಯಿರಿ. ಒರೆಸಿ, ತೊಳೆದು ಬಳಸಬೇಡಿ.
2. ಕಹಿ ಕಾಳು ಬಾಯಿಗೆ ಸಿಕ್ಕರೆ ನುಂಗದೆ ಉಗಿಯಿರಿ.
3. ಶೇಂಗಾ, ಕೊಬ್ಬರಿ, ಮೆಣಸಿನಕಾಯಿ, ಚಟ್ನಿಪುಡಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಒದ್ದೆ ಚಮಚ ಹಾಕಬೇಡಿ.
4. ಒಂದೆರಡು ವಾರಕ್ಕೆ ಬೇಕಾದಷ್ಟನ್ನೇ ಕೊಳ್ಳಿ.

ಹಿಂದೆಂದೋ ನಾಲ್ಕು ಕಾಳು ತಿಂದಿರಬಹುದೆಂದು ಗಾಬರಿಯಾಗಬೇಡಿ. ಆದರೆ ಕಣ್ಣು ಹಳದಿಯಾದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಹೆಪಟೈಟಿಸ್-ಬಿ ಇರುವುದು ಗೊತ್ತಿದ್ದರೆ ಇಂದೇ ಶಿಬಿರದಲ್ಲಿ ನಮಗೆ ತಿಳಿಸಿ.

ಅನ್ನ ದೇವರು ಎಂದು ಬೆಳೆದ ನಮಗೆ ಎಸೆಯಲು ಕೈ ಬರುವುದಿಲ್ಲ. ಆದರೆ ಅದೇ ಚಟ್ನಿಪುಡಿ ಮೊಮ್ಮಕ್ಕಳ ತಟ್ಟೆಗೂ ಬೀಳುತ್ತದೆ. ಅನುಮಾನ ಬಂದರೆ ಎಸೆದುಬಿಡಿ.