ಹರೂರಿನ ಕೆಮ್ಮಣ್ಣಿನಲ್ಲಿ ತಂಗಡಿ ನೆಡುವ ಬಗೆ

ಹರೂರು, ತೀರ್ಥಮಲೆ ಸುತ್ತಿನ ಗುಡ್ಡಗಳಲ್ಲಿ, ಬೀಳು ನೆಲಗಳಲ್ಲಿ ತಂಗಡಿ, ಬಂದರಿಕೆ, ಕವಳೆ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತವೆ. ಅದೇ ಗಿಡವನ್ನು ಹಿತ್ತಲಿಗೆ ತಂದು, ಆಳದ ಗುಂಡಿ ತೋಡಿ, ಬುಟ್ಟಿಗಟ್ಟಲೆ ಗೊಬ್ಬರ ಸುರಿದು, ದಿನಾ ಎರಡು ಹೊತ್ತು ನೀರು ಹೊಯ್ದರೆ ಎಷ್ಟೋ ಸಲ ವರ್ಷ ತುಂಬುವುದರೊಳಗೆ ಒಣಗಿಹೋಗುತ್ತದೆ. ಅತಿ ಉಪಚಾರವೇ ಅದಕ್ಕೆ ಮುಳುವು.

ಮೊದಲು ಕಾಲ ನೋಡಿಕೊಳ್ಳಬೇಕು. ಹರೂರು ಇರುವ ಧರ್ಮಪುರಿ ಸೀಮೆಗೆ ಎರಡು ಮಳೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್‌ನಿಂದ ಹಿಂಗಾರು. ಮುಂಗಾರಿನ ನಡುವೆ ಬರುವ ಆಡಿ ತಿಂಗಳ ಗಾಳಿ ಎಳೆ ಗಿಡದ ಬುಡ ಅಲ್ಲಾಡಿಸಿ, ಆಗಷ್ಟೇ ಒಡೆದ ಬೇರನ್ನು ಹರಿದುಬಿಡುತ್ತದೆ. ಗಾಳಿ ತಗ್ಗಿದ ಮೇಲೆ, ಆಗಸ್ಟ್ ಕೊನೆಗೋ ಸೆಪ್ಟೆಂಬರಿನಲ್ಲೋ ನೆಟ್ಟರೆ ಮುಂಗಾರಿನ ಬಾಲವೂ ಸಿಗುತ್ತದೆ, ಹಿಂಗಾರು ಪೂರ್ತಿ ಸಿಗುತ್ತದೆ. ಬೇಸಿಗೆ ಬರುವ ಹೊತ್ತಿಗೆ ಬೇರು ಕೆಳಗಿಳಿದಿರುತ್ತದೆ.

ಗುಂಡಿಯ ಆಳ ಗಿಡದ ಮಣ್ಣಿನ ಹೆಂಟೆಯಷ್ಟೇ ಇರಲಿ, ಅಗಲ ಅದರ ಎರಡು ಮೂರು ಪಟ್ಟು ಇರಲಿ. ಆಳ ತೋಡಿ ಸಡಿಲ ಮಣ್ಣು ತುಂಬಿದರೆ ಮಳೆಗೆ ಅದು ಕುಸಿಯುತ್ತದೆ, ಗಿಡವೂ ಜೊತೆಗೇ ಇಳಿಯುತ್ತದೆ, ಕಾಂಡ ಮಣ್ಣಿನಲ್ಲಿ ಹೂತು ಕೊಳೆಯುತ್ತದೆ. ಹಾರೆ ತಾಗಿದ ಕೆಮ್ಮಣ್ಣಿನ ಗುಂಡಿಯ ಗೋಡೆ ನುಣುಪಾಗಿ ಗಟ್ಟಿಯಾಗಿಬಿಡುತ್ತದೆ. ಅದನ್ನು ಕುರುಪಿಯಿಂದ ಕೆರೆದು ಒರಟು ಮಾಡಬೇಕು, ಇಲ್ಲವಾದರೆ ಬೇರು ಅಲ್ಲಿಂದಾಚೆ ದಾಟುವುದಿಲ್ಲ. ಆಮೇಲೆ ಗುಂಡಿಗೆ ನೀರು ತುಂಬಿ ನೋಡಿ. ಮರುದಿನವೂ ನಿಂತಿದ್ದರೆ ಅಡಿಯಲ್ಲಿ ಸುಣ್ಣಕಲ್ಲಿನ ಪದರವೋ ಗಟ್ಟಿ ಜೇಡಿಯೋ ಇದೆ. ಆಗ ಜಾಗ ಬದಲಿಸಿ, ಅಥವಾ ಅರ್ಧ ಅಡಿ ದಿಬ್ಬ ಕಟ್ಟಿ ಅದರ ಮೇಲೆ ನೆಡಿ.

ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಹರಿದು ತೆಗೆಯಿರಿ. ನರ್ಸರಿಯಲ್ಲಿ ಬಹುದಿನ ಇದ್ದ ಗಿಡದ ಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಬಿಡಿಸಲು ಬಂದರೆ ಬಿಡಿಸಿ, ಬಾರದಿದ್ದರೆ ಕತ್ತರಿಸಿ. ಹಾಗೇ ಬಿಟ್ಟರೆ ಮಣ್ಣಿನಲ್ಲೂ ಅದು ಸುತ್ತುತ್ತಲೇ ಇರುತ್ತದೆ. ಕಾಂಡ ಬೇರಾಗಿ ಅಗಲವಾಗುವ ಜಾಗ ನೆಲದ ಮಟ್ಟಕ್ಕೇ ನಿಲ್ಲಬೇಕು. ಗುಂಡಿಗೆ ತೋಡಿದ ಮಣ್ಣನ್ನೇ ತುಂಬಿ. ಗುಂಡಿಯೊಳಗೆ ಮಾತ್ರ ಸೊಗಸಾದ ಗೊಬ್ಬರ ಇದ್ದರೆ ಬೇರು ಕುಂಡದಲ್ಲಿದ್ದಂತೆ ಅಲ್ಲೇ ಉಳಿದುಬಿಡುತ್ತದೆ. ಕೊಟ್ಟಿಗೆ ಗೊಬ್ಬರ ಹಾಕಲೇಬೇಕೆಂದರೆ ಮೇಲೆ ಹರಡಿ, ಅದರ ಮೇಲೆ ಒಣಗಿದ ತರಗೆಲೆ ಮೂರು ಅಂಗುಲ ಮುಚ್ಚಿ. ಕಾಂಡದ ಸುತ್ತ ಒಂದು ಗೇಣು ಬಯಲಾಗಿಯೇ ಇರಲಿ.

ನೀರು ಅಪರೂಪಕ್ಕೆ, ಆದರೆ ಹೊಟ್ಟೆ ತುಂಬ. ಮಳೆ ಇಲ್ಲದ ವಾರದಲ್ಲಿ ಒಂದೆರಡು ಸಲ, ನಿಧಾನವಾಗಿ ಒಂದೊಂದು ಬಿಂದಿಗೆ ಸಾಕು. ದಿನಾ ಚಿಮುಕಿಸಿದರೆ ಬೇರು ಮೇಲುಮಣ್ಣಿನಲ್ಲೇ ಸುಳಿದಾಡುತ್ತದೆ, ಏಪ್ರಿಲ್ ಬಿಸಿಲಿಗೆ ಮೊದಲು ಸುಡುವುದು ಆ ಮಣ್ಣೇ. ಮೊದಲ ಬೇಸಿಗೆ ದಾಟಿತೆಂದರೆ ನೀರನ್ನು ಮೆಲ್ಲಗೆ ನಿಲ್ಲಿಸಬಹುದು.

ಯಾವ ಗಿಡ? ನರ್ಸರಿಗಳಲ್ಲಿ ಕೇಪಳವನ್ನೂ ನಮ್ಮ ನಾಡಿನ ಗಿಡವೆಂದೇ ಕೊಡುತ್ತಾರೆ, ಅದು ಸುಳ್ಳಲ್ಲ. ಆದರೆ ಕೇಪಳ ಒಗ್ಗಿರುವುದು ಹುಳಿ ಮಣ್ಣಿಗೆ, ಹೆಚ್ಚು ಮಳೆಗೆ. ಸುಣ್ಣದಂಶದ ನೆಲದಲ್ಲಿ, ಗಡಸು ಬೋರ್‌ವೆಲ್ ನೀರಿನಲ್ಲಿ ಅದಕ್ಕೆ ಕಬ್ಬಿಣಾಂಶ ದಕ್ಕದೆ ಎಲೆ ಹಳದಿಗಟ್ಟುತ್ತದೆ. ಹರೂರಿನ ಹಿತ್ತಲಿಗೆ ನಾನು ಹೇಳುವುದು ತಂಗಡಿ, ಬಂದರಿಕೆ, ಲಕ್ಕಿ, ಆಡುಸೋಗೆ. ಇಲ್ಲಿನ ನರ್ಸರಿಯಲ್ಲಿ ಇವನ್ನು ತಮಿಳಿನಲ್ಲಿ ಕ್ರಮವಾಗಿ ಆವಾರಂ, ವಿರಾಲಿ, ನೊಚ್ಚಿ, ಆಡಾತೋಡೈ ಎಂದು ಕೇಳಿ. ಲಕ್ಕಿ, ಆಡುಸೋಗೆ ಕಡ್ಡಿಯಿಂದಲೇ ಬರುತ್ತವೆ. ಲಕ್ಕಿ ಮರದಷ್ಟೇ ಎತ್ತರವಾಗುತ್ತದೆ, ಗೋಡೆಯಿಂದ ದೂರ ನೆಡಿ. ಮೀಸಲು ಕಾಡಿನಿಂದ ಗಿಡ ಕಿತ್ತು ತರುವುದು ಅಪರಾಧ. ತಂದರೂ ಬೇರು ತುಂಡಾಗಿ ಅದು ಉಳಿಯುವುದಿಲ್ಲ.

ತಂಗಡಿಗೆ ನರ್ಸರಿಯೂ ಬೇಕಿಲ್ಲ. ದಾರಿ ಬದಿಯ ಒಣಗಿದ ಕಾಯಿ ಬಿಡಿಸಿ, ಒಲೆಯಿಂದ ಇಳಿಸಿದ ಬಿಸಿನೀರನ್ನು ಬೀಜದ ಮೇಲೆ ಹೊಯ್ದು, ರಾತ್ರಿಯೆಲ್ಲ ಬಿಟ್ಟು, ಉಬ್ಬಿದವನ್ನು ಗಿಡ ನಿಲ್ಲಬೇಕಾದ ಜಾಗದಲ್ಲೇ ಊರಿ. ತಾಯಿಬೇರು ಮುರಿಯದೆ ನೆಟ್ಟಗೆ ಇಳಿಯುವುದರಿಂದ ಇದೇ ಒಳ್ಳೆಯ ದಾರಿ. ಮೇಕೆಗಳೂ ಅದಕ್ಕೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಹೂಬಿಟ್ಟಾಗ ಬೆಳಗ್ಗೆ ಹತ್ತಿರ ನಿಂತು ನೋಡಿ: ಕಪ್ಪು ದುಂಬಿ ಹೂವನ್ನು ತಬ್ಬಿಕೊಂಡು ಗುಂಯ್‌ಗುಟ್ಟಿದಾಗ, ಆ ಅದುರಿಗೆ ಕೇಸರದ ತುದಿಯ ಸಣ್ಣ ರಂಧ್ರದಿಂದ ಪರಾಗ ಉದುರುತ್ತದೆ. ಆ ಹೂವಿನಲ್ಲಿ ಮಕರಂದವಿಲ್ಲ, ದುಂಬಿ ಬರುವುದು ಪರಾಗಕ್ಕಾಗಿಯೇ. ಸೇಲಂ, ಧರ್ಮಪುರಿ ಕಡೆ ಪೊಂಗಲ್‌ಗೆ ಮುನ್ನ ಮನೆಗೆ ಕಾಪು ಕಟ್ಟಲು ಬೇವು, ಪೂಳೈ ಹೂವಿನ ಜೊತೆ ತಂಗಡಿ ಹೂವೂ ಬೇಕು. ಹಿತ್ತಲಲ್ಲೇ ಇದ್ದರೆ ಸಂತೆಯಲ್ಲಿ ಕೊಳ್ಳಬೇಕಿಲ್ಲ. ಗೊಂಚಲು ಮಾತ್ರ ಕೊಯ್ಯಿರಿ. ಕೊಂಬೆಗಳಿಗೆ ಬೇಸಿಗೆಯಲ್ಲಿ ಕತ್ತರಿ ಬೇಡ. ಜೂನ್ ಮಳೆ ಬಿದ್ದ ಮೇಲೆ ಮೂರನೇ ಒಂದು ಪಾಲು ಸವರಿದರೆ ಗಿಡ ಹೊಸ ಕವಲೊಡೆದು ಪೊದೆಯಾಗುತ್ತದೆ.