ನಾಲ್ಕು ದಿನದ ಶೂಟಿಂಗ್‌ಗೆ ಮೊದಲು ಏನೇನು ಮುಗಿದಿರಬೇಕು?

2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ‘ಲಾ ಸಿನೆಫ್’ನಲ್ಲಿ ಮೊದಲ ಬಹುಮಾನ ಬಂದದ್ದು ಕನ್ನಡದ ಕಿರುಚಿತ್ರಕ್ಕೆ. ಮಾಡಿದವರು ಪುಣೆಯ ಎಫ್‌ಟಿಐಐನಲ್ಲಿ ಓದಿದ ಚಿದಾನಂದ ನಾಯ್ಕ. ಅಜ್ಜಿಯೊಬ್ಬಳು ಊರ ಹುಂಜ ಕದೀತಾಳ, ಬೆಳಕೇ ಹರಿಯಂಗಿಲ್ಲ, ಇಷ್ಟ ಕಥಿ. 16 ನಿಮಿಷದ ಚಿತ್ರ, ಶೂಟಿಂಗ್ ನಾಲ್ಕೇ ದಿನ.

ನಾಲ್ಕು ದಿನದಾಗ ಮುಗೀಬೇಕಂದ್ರ ಅರ್ಧ ಸಿನಿಮಾ ಹಾಳೆ ಮ್ಯಾಲೆ ಮೊದಲ ಆಗಿರಬೇಕು. ಒಂದೊಂದು ದೃಶ್ಯಕ್ಕೆ ಒಂದೊಂದು ಚೀಟಿ ಬರೀರಿ. ಕಥಿ ಕ್ರಮ ಬ್ಯಾಡ, ಜಾಗದ ಪ್ರಕಾರ ಜೋಡಿಸ್ರಿ: ಹೊಲದ್ದೆಲ್ಲಾ ಒಂದ ದಿನ, ಮನಿಯೊಳಗಿಂದು ಇನ್ನೊಂದು ದಿನ. ಯಾವ ಹೊತ್ತಿಗೆ ಶೂಟಿಂಗೋ ಅದ ಹೊತ್ತಿಗೆ ಜಾಗ ನೋಡಿ ಬರ್ರಿ. ಬಾಜೂಕ ಹಿಟ್ಟಿನ ಗಿರಣಿ ಇದ್ರ ಗೊತ್ತಾಗೋದು ಆವಾಗನ.

ನವಲಗುಂದದ ಎರಿ ಹೊಲದಾಗ ಮಳಿ ಬಂದ್ರ ಗಾಡಿ ಹೂತು ಹೋಗ್ತದ. ಅಂಥಾ ದಿನಕ್ಕ ಒಳಗಿನ ಒಂದು ದೃಶ್ಯ ಕಾದಿಡ್ರಿ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಸಂರಕ್ಷಿತ ಸ್ಮಾರಕ, ಪುರಾತತ್ವ ಇಲಾಖೆ ಅನುಮತಿ ಮೊದಲ ಕೇಳ್ರಿ.

ಕೊನೀ ಮಾತು. ನಿಮ್ಮ ಸಿನಿಮಾದ ಅಜ್ಜಿ ಆ ದಿನದ ಕೂಲಿ ಬಿಟ್ಟು ಬಂದಿರ್ತಾಳ. ಆಕಿ ಪಗಾರ ಬಜೆಟ್‌ನ ಮೊದಲ ಸಾಲಿನ್ಯಾಗ ಬರೀರಿ.